ಹಾರ್ಲನ್ ಬೋಡ್ನರ್ ಕೂಗಿದ್ದು

ನದಿ ದಂಡೆಯ ನಮ್ಮೂರು ಟೈಲರ್ಸ್ ಫೆರಿಯ ಬೇಸ್‌ಬಾಲ್ ತಂಡದ ಬಸ್ಸನ್ನು ನಾನು ಹತ್ತೊಂಬತ್ತು ವರ್ಷ ಓಡಿಸಿದೆ. ಅಷ್ಟು ವರ್ಷಗಳಲ್ಲಿ ನನ್ನ ಬಸ್ಸು ಹತ್ತಿ ಇಳಿದ ಆಟಗಾರರು ಇನ್ನೂರಕ್ಕೆ ಕಡಿಮೆಯಿಲ್ಲ. ನಾಲ್ಕೈದು ಜನ ದೊಡ್ಡ ನಗರಗಳ ತಂಡಗಳಿಗೆ ಏರಿದರು. ಉಳಿದವರು ಎರಡು ಬೇಸಿಗೆ ಆಡಿ ಅಪ್ಪನ ಕಸುಬಿಗೆ ಮರಳಿದರು. ಬಹಳ ಮಂದಿಯ ಮುಖ ನನಗೆ ಮರೆತೇಹೋಗಿದೆ. ಹಾರ್ಲನ್ ಬೋಡ್ನರ್‌ನ ಮುಖ ಮರೆತಿಲ್ಲ, ದನಿಯಂತೂ ಮರೆಯುವ ಹಾಗೇ ಇಲ್ಲ.

ಅವನು ಬಂದದ್ದು ಎಪ್ಪತ್ತೊಂದರ ಏಪ್ರಿಲ್‌ನಲ್ಲಿ. ನಾನು ಹೆಸರಿನ ಪಟ್ಟಿ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿದ್ದೆ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಹುಡುಗನೊಬ್ಬ ಬಂದು "ಹಾರ್ಲನ್" ಎಂದ. ಮುಂದಿನ ಪದ ಬರಲಿಲ್ಲ. ತುಟಿಗಳೆರಡೂ ಅಂಟಿಕೊಂಡಂತೆ ಬಿಗಿದವು, ಕುತ್ತಿಗೆಯ ನರ ಉಬ್ಬಿತು. ಅವನ ಹಿಂದೆ ಚೀಲ ಹೊತ್ತ ಎಂಟು ಜನ ಕಾಯುತ್ತಿದ್ದರು. ನಾನೂ ಪೆನ್ಸಿಲ್ ಹಿಡಿದು ಕಾದೆ. ಕೊನೆಗೆ "ಬ-ಬೋಡ್ನರ್" ಎಂದು ಹೊರಬಂತು.

"ಕಿಟಕಿ ಪಕ್ಕ ಸೀಟು ಖಾಲಿ ಇದೆ, ಕೂತ್ಕೋ ಹೋಗಪ್ಪ," ಎಂದೆ.

ಎಷ್ಟೋ ದಿನ ಕಳೆದ ಮೇಲೆ ಅವನೇ ಆ ಮಾತು ತೆಗೆದ. "ಪಟ್ಟೀಲಿ ನನ್ನ ಹೆಸರು ನಿಮ್ಮ ಕಣ್ಣೆದುರೇ ಇತ್ತು, ಓಟಿಸ್. ನೀವೇ ಹೇಳಿ ಮುಗಿಸ್ಬಿಡಬಹುದಿತ್ತು. ಎಲ್ಲರೂ ಹಾಗೇ ಮಾಡೋದು. ನೀವು ಮಾಡ್ಲಿಲ್ಲ." ನಾನು ಯಾವ ದೊಡ್ಡತನದಿಂದಲೂ ಹಾಗೆ ಮಾಡಿದ್ದಲ್ಲ. ಕನ್ನಡಕ ಬಸ್ಸಿನೊಳಗೆ ಬಿಟ್ಟಿದ್ದೆ, ಪಟ್ಟಿ ಓದಲು ಆಗುತ್ತಿರಲಿಲ್ಲ, ಅಷ್ಟೇ. ಅದನ್ನು ಅವನಿಗೆ ಇವತ್ತಿಗೂ ಹೇಳಿಲ್ಲ.

ಅವನ ಊರು ಅಯೋವಾದ ಜೋಳದ ಸೀಮೆ. ಅಪ್ಪ ಬಾವಿ ತೋಡುವವನು, ಜೊತೆಗೆ ಹತ್ತು ಹಸು. ಹಾರ್ಲನ್ ಎಡ ಮೈದಾನದ ತುದಿಯ ಬೇಲಿಯಿಂದ ಎಸೆದ ಚೆಂಡು ಒಂದೇ ಪುಟ ನೆಗೆದು ಬ್ಯಾಟುಗಾರನ ಕಾಲ ಬಳಿ ಬೀಳುತ್ತಿತ್ತು. ಮಾತು ಮಾತ್ರ ಕಡಿಮೆ. ತಲೆಯಾಡಿಸುವುದು, "ಹೂಂ" ಅನ್ನುವುದು, ನಕ್ಕು ಸುಮ್ಮನಾಗುವುದು. ನಾವೆಲ್ಲ ಬೆಳಗಿನ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಲ್ಲಿ ಅವನು ದಿನಾ ಮೊಟ್ಟೆಯನ್ನೇ ತಿನ್ನುತ್ತಿದ್ದ. ಮೊಟ್ಟೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ ಎಂದು ಗೊತ್ತಾಗಲು ನನಗೆ ಮೂರು ವಾರ ಹಿಡಿಯಿತು. ಬೇಕಿದ್ದದ್ದು ಪ್ಯಾನ್‌ಕೇಕು. ಆದರೆ 'ಪ' ಅನ್ನುವುದು ಅವನ ಬಾಯಲ್ಲಿ ತೆರೆಯದ ಗೇಟು. 'ಬ' ಕೂಡ ಹಾಗೇ, 'ನ' ಕೂಡ. ಹೇಳಲಾಗುವುದನ್ನು ತರಿಸಿಕೊಂಡು ತಿಂದು ಎದ್ದುಬಿಡುತ್ತಿದ್ದ.

ಎಡ ಮೈದಾನ ಅವನಿಗೆ ಹೇಳಿ ಮಾಡಿಸಿದ ಜಾಗ. ಎಲ್ಲರಿಂದ ದೂರ, ಮಾತಾಡುವ ಕೆಲಸವಿಲ್ಲ. ಒಂದೇ ಒಂದು ಪದ ಬಿಟ್ಟು. ಚೆಂಡು ಎತ್ತರಕ್ಕೆ ಎದ್ದು ಇಬ್ಬರು ಫೀಲ್ಡರುಗಳ ನಡುವೆ ಇಳಿಯತೊಡಗಿದರೆ, ಹಿಡಿಯುವವನು "ನಂದು" ಎಂದು ಕೂಗಬೇಕು. ಕೂಗು ಕೇಳಿದ ಇನ್ನೊಬ್ಬ ದಾರಿ ಬಿಡಬೇಕು. ಇಬ್ಬರ ಕಣ್ಣೂ ಆಕಾಶದಲ್ಲಿ ಇರುತ್ತದೆ, ಕಿವಿಯೊಂದೇ ಗತಿ.

ನಡು ಮೈದಾನದಲ್ಲಿ ಆಡುತ್ತಿದ್ದವನು ಸಿಸೆರೊ ಟಿಲ್ಲರಿ, ಜಾರ್ಜಿಯಾದ ಕರಿಯ, ಮೂವತ್ತೊಂದು ವರ್ಷ, ತಂಡದಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಬಾಯಾಳಿ. ಜೂನ್ ಮೊದಲ ವಾರ ನಮ್ಮೂರಿನಲ್ಲೇ ಆಟ. ಅವನ ಮತ್ತು ಹಾರ್ಲನ್‌ನ ನಡುವೆ ಚೆಂಡು ಎದ್ದಿತು. ಹಾರ್ಲನ್ ಅದರ ಕೆಳಗೆ ಬಂದಾಗಿತ್ತು. ನಾನು ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅವನ ಬಾಯಿ ತೆರೆದದ್ದನ್ನು ಕಂಡೆ. ಶಬ್ದ ಬರಲಿಲ್ಲ. ಸಿಸೆರೊ ಪೂರ್ತಿ ವೇಗದಲ್ಲಿ ಬಂದು ಅವನಿಗೆ ಗುದ್ದಿದ. ಚೆಂಡು ಹುಲ್ಲಿಗೆ ಬಿತ್ತು, ಸಿಸೆರೊನ ಹೆಗಲಿನ ಮೂಳೆ ಮುರಿಯಿತು.

ಆರು ವಾರ ಆಟವಿಲ್ಲ ಎಂದು ಡಾಕ್ಟರು ಹೇಳಿದರು. ಮ್ಯಾನೇಜರ್ ಡೋಬ್ಸ್ ಕೆಟ್ಟವನಲ್ಲ. ಆದರೆ ಆ ಸಂಜೆ ಪತ್ರಿಕೆಯವನ ಎದುರೇ, "ಬಾಯಿಬಿಟ್ಟು ಒಂದು ಪದ ಹೇಳೋಕಾಗಲ್ಲ ಅಂದ್ರೆ ಅವನನ್ನ ಎಲ್ಲಿ ನಿಲ್ಲಿಸ್ಲಿ?" ಎಂದುಬಿಟ್ಟ. ಮಾರನೆಯ ದಿನ ಅದು ಅಚ್ಚಾಯಿತು. ಹಾರ್ಲನ್ ತೊದಲುತ್ತಾನೆ ಎಂಬುದು ನದಿಯ ಎರಡೂ ದಂಡೆಯಲ್ಲಿದ್ದ ನಮ್ಮ ಲೀಗಿನ ಆರೂ ಊರುಗಳಿಗೆ ಗೊತ್ತಾಯಿತು.

ನಮ್ಮ ಲೀಗಿನಲ್ಲಿ ಪ್ರೇಕ್ಷಕರು ಕೂಗಿ ಕಾಲೆಳೆಯುವುದು ಹೊಸದೇನಲ್ಲ. ಟಿಕೆಟ್ಟಿನ ಜೊತೆ ಅದೂ ಬಂದಿದೆ ಎಂದೇ ಅವರ ಲೆಕ್ಕ. ಅದನ್ನು ತಡೆದುಕೊಳ್ಳಲು ಒಬ್ಬೊಬ್ಬನದು ಒಂದೊಂದು ದಾರಿ. ನಮ್ಮ ಚೆಂಡೆಸೆಯುವ ಪಾಲ್ಗ್ರೇವ್ ಕಿವಿಗೆ ಹತ್ತಿ ತುರುಕಿಕೊಂಡು ಆಡುತ್ತಿದ್ದ. ಇನ್ನೊಬ್ಬ ಎರಡು ವರ್ಷದ ಹಿಂದೆ ತಡೆಯಲಾರದೆ ಚೆಂಡನ್ನೇ ಜನರ ಮೇಲೆ ಬೀಸಿ, ಯಾರದೋ ಅಜ್ಜಿಯ ಟೋಪಿ ಹಾರಿಸಿ, ಒಂದು ತಿಂಗಳು ಹೊರಗೆ ಕೂತ. ಡೋಬ್ಸ್‌ನ ಉಪದೇಶ ಒಂದೇ: "ಕೇಳಿಸ್ಲೇ ಇಲ್ಲ ಅನ್ನೋ ಹಾಗಿದ್ಬಿಡು." ಹಾರ್ಲನ್ ಅದನ್ನೂ ಮಾಡಿ ನೋಡಿದ. ಆದರೆ ಜೀವನವಿಡೀ ಜನ ತನ್ನ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದೇ ಕಿವಿ ನೆಟ್ಟವನು ಅವನು. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಕಾರ್ವರ್. ನದಿಯ ಕೆಳಗಿನ ಊರು, ನಮ್ಮ ಹಳೆಯ ಎದುರಾಳಿ. ಅಲ್ಲಿ ಪ್ರೇಕ್ಷಕರ ಬೆಂಚುಗಳು ಎಡ ಮೈದಾನಕ್ಕೆ ಅಂಟಿಕೊಂಡಂತೆ ಇದ್ದವು. ಮೊದಲ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ ಕೂರುತ್ತಿದ್ದ. ಅವನ ದನಿ ಹಡಗಿನ ಸೀಟಿಯ ಹಾಗೆ ಮೈದಾನ ದಾಟಿ ಹೋಗುತ್ತಿತ್ತು.

"ಹ-ಹ-ಹಾರ್ಲನ್, ಊಟ ಆಯ್ತೇನಪ್ಪ? ಉತ್ತರ ನಾಳೆ ಹೇಳು, ಅರ್ಜೆಂಟಿಲ್ಲ."

ಜನ ನಕ್ಕರು.

"ಏ ಹ-ಹ-ಹಾರ್ಲನ್, ನಿನಗೆ ಬೆಂಕಿ ಬಿದ್ರೆ ಹೆಂಗೋ ಕೂಗ್ತೀಯ? ಬೂದಿ ಆದ್ಮೇಲಾ?"

ಮೂರನೆಯ ಇನ್ನಿಂಗ್ಸ್ ಹೊತ್ತಿಗೆ ಇಡೀ ಸಾಲು ಹ-ಹ-ಹ ಎಂದು ತಾಳ ಹಾಕತೊಡಗಿತು. ಐದನೆಯದರಲ್ಲಿ ಹಾರ್ಲನ್ ಮಗುವೂ ಹಿಡಿಯಬಹುದಾದ ಕ್ಯಾಚು ಕೈಚೆಲ್ಲಿದ. ಆಟ ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಬಂದು ಬಸ್ಸಿನಲ್ಲಿ ಕೂತ. ನಾನು ಕಾಫಿ ಫ್ಲಾಸ್ಕು ಮುಂದೆ ಹಿಡಿದೆ, ಬೇಡವೆಂದು ತಲೆಯಾಡಿಸಿದ. ಊರಿಗೆ ಹೋಗಿ ಅಪ್ಪನ ಜೊತೆ ಬಾವಿ ತೋಡುತ್ತೇನೆ, ಬಾವಿಯೊಳಗೆ ಮಾತಾಡುವವರಿಲ್ಲ ಎಂದು ಮೆಲ್ಲಗೆ ಹೇಳಿದ.

ಊರು ತಲುಪಿದ ಕೂಡಲೇ ಸಿಸೆರೊನ ಬಾಡಿಗೆ ಮನೆಗೆ ಹೋಗಿ ವಿಷಯ ತಿಳಿಸಿದೆ.

ಮಾರನೆಯ ಬೆಳಗ್ಗೆ ಸಿಸೆರೊ, ಒಂದು ಕೈಯನ್ನು ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಇಳಿಬಿಟ್ಟುಕೊಂಡು, ಹಾರ್ಲನ್‌ನನ್ನು ನದಿ ದಂಡೆಯ ಬಯಲಿಗೆ ಎಳೆದುಕೊಂಡು ಬಂದ. ಚೆಂಡು ಹೊಡೆದುಕೊಡಲು ನನ್ನನ್ನೂ ಕರೆದಿದ್ದ. ತಾನು ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ.

"ನಿನ್ನ ಹೆಗಲು..." ಎಂದು ಹಾರ್ಲನ್ ಶುರು ಮಾಡಿದ.

"ನನ್ನ ಹೆಗಲ ಬಗ್ಗೆ ನಾನು ಅಳ್ತೀನಿ, ನೀನಲ್ಲ. ಕೇಳು. ನಾನು ಹತ್ತೊಂಬತ್ತು ವರ್ಷದವನಿದ್ದಾಗ ದಕ್ಷಿಣದ ಊರುಗಳಲ್ಲಿ ಆಡ್ತಿದ್ದೆ. ನನ್ನ ಬಣ್ಣ ಹಿಡ್ಕೊಂಡು ಅವರು ಕೂಗ್ತಿದ್ದಿದ್ದನ್ನ ನಮ್ಮಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಒಂದು ವರ್ಷ ಬಾಯಿ ಮುಚ್ಕೊಂಡಿದ್ದೆ, ಹೊಟ್ಟೇಲಿ ಹುಣ್ಣಾಯ್ತು. ಇನ್ನೊಂದು ವರ್ಷ ಬೇಲಿ ಹಾರಿ ಒಬ್ಬನ ಕಾಲರ್ ಹಿಡಿದೆ, ಪೊಲೀಸರು ನನ್ನನ್ನೇ ಎತ್ತಾಕ್ಕೊಂಡು ಹೋದ್ರು. ಆಮೇಲೆ ಒಂದಿನ ಅನ್ನಿಸ್ತು, ಇವರು ಕೂಗೋದು ನಾನು ಇಲ್ಲಿಂದ ಹೋಗ್ಲಿ ಅಂತ. ಅಂದ್ರೆ ನಾನು ನಾಳೆ ಇಲ್ಲಿಗೇ ಬಂದು ನಿಂತ್ರೆ ಅವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅವತ್ತಿಂದ ಬರ್ತಾನೇ ಇದೀನಿ. ನೀನು ಬಾವಿಗೆ ಇಳಿದ್ರೆ ಆ ಕಾರ್ವರ್‌ನ ಡುಮ್ಮ ಗೆದ್ದ. ಎದ್ದೇಳು. ಯಾವ ಅಕ್ಷರ ನಿನ್ನ ಬಾಯಲ್ಲಿ ಸಲೀಸಾಗಿ ಬರುತ್ತೆ?"

ಹಾರ್ಲನ್ ಯೋಚಿಸಿದ. "ಹ."

"ಹ ಅಂತ ಶುರುವಾಗೋದು ಏನಾದ್ರೂ ಕೂಗು."

ಹಾರ್ಲನ್ ಆಚೀಚೆ ನೋಡಿದ. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು "ಹೋಯ್" ಎಂದು ಕೂಗಿದ. ಅವನಪ್ಪ ಸಂಜೆ ಹಸುಗಳನ್ನು ಕೊಟ್ಟಿಗೆಗೆ ಕರೆಯುವ ಕೂಗಂತೆ ಅದು. ನದಿಯ ಆಚೆ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದವನು ತಲೆಯೆತ್ತಿ ನೋಡಿದ.

"ಸಾಕು," ಎಂದ ಸಿಸೆರೊ. "ಹಸು ಬರದಿದ್ರೂ ನಾನು ದೂರ ಹೋಗ್ತೀನಿ."

ಅಂದು ಮಧ್ಯಾಹ್ನದವರೆಗೆ ನಾನು ಚೆಂಡು ಹೊಡೆದೆ, ಅವನು 'ನಂದು' ಬದಲು ಹೋಯ್ ಎಂದು ಹಿಡಿದ. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ.

ಜುಲೈ ನಡುವೆ ಮತ್ತೆ ಕಾರ್ವರ್‌ಗೆ ಹೋದೆವು. ಊರು ಸೇರುವಷ್ಟರಲ್ಲಿ ಬಸ್ಸಿನ ರೇಡಿಯೇಟರ್ ಪೈಪು ಸೋರತೊಡಗಿತು. ಆಟ ಸಂಜೆಗೆ. ಬೆಳಗ್ಗೆ ಹತ್ತು ಗಂಟೆಗೆ ಪೈಪಿಗೆ ಹಾಕುವ ಕ್ಲಿಪ್ಪು ಹುಡುಕಿಕೊಂಡು ನಾನು ಹೊರಟಾಗ ಹಾರ್ಲನ್ ಜೊತೆಗೆ ಬಂದ. ಮುಖ್ಯ ಬೀದಿಯಲ್ಲೊಂದು ಹಾರ್ಡ್‌ವೇರ್ ಅಂಗಡಿ ಸಿಕ್ಕಿತು. ಒಳಗೆ ಮಾಲೀಕ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡು, ಮುದುಕಿಯೊಬ್ಬಳಿಗೆ ನಲ್ಲಿಯ ವಾಷರು ತೋರಿಸುತ್ತಿದ್ದ. "ಇದು ಬೇಡ ಅಮ್ಮಾ, ಒಂದು ತಿಂಗಳಲ್ಲಿ ತೊಟ್ಟಿಕ್ಕುತ್ತೆ. ಇದು ತಗೊಳ್ಳಿ," ಎನ್ನುತ್ತಿದ್ದ. ಮೆತ್ತಗಿನ ಮಾತು. ಆದರೂ ಆ ದನಿ.

ಹಾರ್ಲನ್ ಬಾಗಿಲಲ್ಲೇ ನಿಂತ. ನಾನೂ ಗುರುತು ಹಿಡಿದೆ. ಮೊದಲ ಸಾಲಿನ ಆ ದಪ್ಪ ಮನುಷ್ಯ. ಬಾಗಿಲ ಮೇಲಿನ ಹಲಗೆಯಲ್ಲಿ ಲೆಸ್ಟರ್ ಕ್ರೆಬ್ಸ್ ಎಂದು ಹೆಸರಿತ್ತು.

"ಬಾ, ಬೇರೆ ಅಂಗಡಿ ನೋಡೋಣ," ಎಂದೆ.

ಹಾರ್ಲನ್ ನನ್ನನ್ನು ದಾಟಿ ಒಳಗೆ ಹೋದ. ಅಲ್ಲಿ ಅವನು ಆಡಿದಷ್ಟು ಮಾತನ್ನು ನಾನು ಆವರೆಗೆ ಅವನ ಬಾಯಿಂದ ಕೇಳಿರಲಿಲ್ಲ. ಅವನ ತೊದಲನ್ನೆಲ್ಲ ಇಲ್ಲಿ ಬರೆಯಲು ಹೋಗುವುದಿಲ್ಲ. ಎರಡು ನಿಮಿಷದ ಮಾತಿಗೆ ಆರು ನಿಮಿಷ ಹಿಡಿಯಿತು, ಅದಕ್ಕೆ ಅವನು ಒಂದಿಷ್ಟೂ ಅವಸರ ಮಾಡಲಿಲ್ಲ.

"ನೀವು ಎಡ ಬೇಲಿ ಹತ್ರ ಕೂರ್ತೀರಲ್ಲ, ಸಾರ್. ನಾನು ಹಾರ್ಲನ್ ಬ-ಬ-ಬೋಡ್ನರ್."

ಕ್ರೆಬ್ಸ್‌ನ ಕೆನ್ನೆ ಕೆಂಪಾಯಿತು. ಕೌಂಟರಿನ ಮೇಲಿದ್ದ ಸುತ್ತಿಗೆಗಳನ್ನು ಸಾಲಾಗಿ ಜೋಡಿಸಲು ಶುರು ಮಾಡಿದ. "ನೋಡು ತಮ್ಮಾ, ಆಟ ಅಂದ್ಮೇಲೆ ಇದೆಲ್ಲ ಇರೋದೇ ಅಲ್ವಾ."

"ಇರೋದೇ. ಕೂಗ್ಬೇಡಿ ಅಂತ ಹೇಳೋಕೆ ಬಂದಿಲ್ಲ. ನೀವು ತಪ್ಪಾಗಿ ಮಾಡ್ತಿದೀರ, ಅದನ್ನ ಹೇಳೋಣ ಅಂತ."

"ತಪ್ಪಾಗಿ ಅಂದ್ರೆ?"

"ಹ-ಹ-ಹಾರ್ಲನ್ ಅಂತೀರಿ. ಹ ನನಗೆ ಸಲೀಸು. ಹಾರ್ಲನ್. ಹಸು. ಹಾಲು. ನೋಡಿ, ಎಲ್ಲಾದ್ರೂ ನಿಂತೆನಾ? ನಾನು ನಿಲ್ಲೋದು ಬ ಮೇಲೆ. ಬ-ಬ-ಬೋಡ್ನರ್. ತುಟಿ ಬಿಗಿ ಹಿಡೀಬೇಕು, ಆಮೇಲೆ ಒಂದೊಂದೇ ಬಿಡಬೇಕು. ಇಪ್ಪತ್ನಾಲ್ಕು ವರ್ಷದಿಂದ ಮಾಡ್ತಿದೀನಿ ಸಾರ್. ನಕಲು ಮಾಡೋರು ಸ್ವಲ್ಪ ಶ್ರದ್ಧೆಯಿಂದ ಮಾಡ್ಬೇಕು."

ಮೊದಲು ನಕ್ಕವಳು ಆ ಮುದುಕಿ. "ಲೆಸ್ಟರ್, ನಿಂಗೆ ಬೇಕಿತ್ತು ಇದು," ಎಂದಳು.

ಕ್ರೆಬ್ಸ್ ಕನ್ನಡಕ ತೆಗೆದು ಒರೆಸಿಕೊಂಡ. ನಗು ಅವನ ಮುಖಕ್ಕೂ ಬಂತು, ತಡವಾಗಿ, ಒಪ್ಪದ ಮನಸ್ಸಿನಿಂದ. ನಾನು ಹಳೆಯ ಬಸ್ಸಿನ ಪೈಪಿಗೆ ಕ್ಲಿಪ್ಪು ಕೇಳಿದೆ. "ಎರಡು ತಗೊಳ್ಳಿ," ಎಂದ. "ಹಳೇ ಪೈಪು. ದಾರೀಲಿ ಇನ್ನೊಂದು ಕಡೆ ಬಾಯಿಬಿಡುತ್ತೆ."

ಹೊರಗೆ ಬಂದ ಮೇಲೆ ನೋಡಿದರೆ ಹಾರ್ಲನ್‌ನ ಅಂಗಿಯ ಬೆನ್ನು ಪೂರ್ತಿ ಒದ್ದೆ. "ಹಸಿವಾಗ್ತಿದೆ," ಎಂದ. ಎದುರಿನ ಹೋಟೆಲಿಗೆ ಹೋದೆವು. ಪರಿಚಾರಿಕೆ ಬಂದು ಏನು ಬೇಕು ಎಂದಳು. ಅವನು ಪ್ಯಾನ್‌ಕೇಕು ಕೇಳಿದ. ಕೇಳಿ ಮುಗಿಸುವವರೆಗೆ ಅವಳು ಪೆನ್ನು ಹಿಡಿದು ನಿಂತಿದ್ದಳು. ಆರು ತಿಂದ.

ಆ ಸಂಜೆ ಕ್ರೆಬ್ಸ್ ನಾಲ್ಕು ಇನ್ನಿಂಗ್ಸ್ ಬಾಯಿ ತೆರೆಯಲಿಲ್ಲ. ಅಕ್ಕಪಕ್ಕದವರು ಜ್ವರ ಬಂದಿದೆಯೇ ಎಂದು ಕೇಳುತ್ತಿದ್ದರು. ಐದನೆಯದರಲ್ಲಿ ಎದ್ದು ನಿಂತು, ತುಟಿ ಬಿಗಿದು, ಒಂದೊಂದೇ ಬಿಡುತ್ತ, "ಹಾರ್ಲನ್ ಬ-ಬ-ಬೋಡ್ನರ್" ಎಂದು ಕೂಗಿದ. ಹಾರ್ಲನ್ ಅತ್ತ ತಿರುಗಿ, ಟೋಪಿ ತೆಗೆದು, ಮೇಷ್ಟ್ರು ಸರಿ ಉತ್ತರಕ್ಕೆ ತಲೆಯಾಡಿಸುವಂತೆ ಆಡಿಸಿದ. ಮೊದಲ ಸಾಲು ನಕ್ಕಿತು. ಆದರೆ ಈ ಸಲದ ನಗುವಿನಲ್ಲಿ ಅವನಿಗೂ ಪಾಲಿತ್ತು.

ಅಲ್ಲಿಂದ ಕಾರ್ವರ್‌ನವರು ದೇವತೆಗಳಾದರು ಎಂದುಕೊಳ್ಳಬೇಡಿ. ಮೇಲಿನ ಸಾಲುಗಳಲ್ಲಿ ಕೆಟ್ಟ ಬಾಯಿಯವರು ಇನ್ನೂ ಇದ್ದರು. ಕ್ರೆಬ್ಸ್ ಕೂಡ ತನ್ನ ತಂಡದವನೇ. ತೊದಲಿನ ಸುದ್ದಿಗೆ ಹೋಗುವುದು ಬಿಟ್ಟ, ಆದರೆ ಕಣ್ಣು ಮುಚ್ಚಲಿಲ್ಲ. ಸಿಸೆರೊ ವಾಸಿಯಾಗಿ ಮರಳಿದ ಮೇಲೆ ಅವರಿಬ್ಬರ ನಡುವೆ 'ಹೋಯ್' ನಡೆಯುತ್ತಿರುವುದನ್ನು ಅವನು ಗಮನಿಸಿದ. ಆಗಸ್ಟ್‌ನಲ್ಲಿ ಅಲ್ಲಿ ಆಡಿದಾಗ, ಚೆಂಡು ಇಬ್ಬರ ನಡುವೆ ಎದ್ದದ್ದೇ ತಡ, ಕ್ರೆಬ್ಸ್ ಆ ಹಡಗಿನ ದನಿಯಲ್ಲಿ "ಹೋಯ್" ಎಂದು ಬಿಟ್ಟ. ಹಾರ್ಲನ್ ಕೂಗಿದನೆಂದು ಸಿಸೆರೊ ನಿಂತ. ಸಿಸೆರೊ ಕೂಗಿದನೆಂದು ಹಾರ್ಲನ್ ನಿಂತ. ಚೆಂಡು ಇಬ್ಬರ ಮಧ್ಯೆ ಹುಲ್ಲಿನ ಮೇಲೆ ಮೆತ್ತಗೆ ಕೂತಿತು. ಎರಡು ಓಟ ಹೋಯಿತು, ಆಟವೂ ಹೋಯಿತು.

ಮರಳುವಾಗ ಇಬ್ಬರೂ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಸಿಸೆರೊ ಕೈಸನ್ನೆ, ಸೀಟಿ, ಚಪ್ಪಾಳೆ ಎಂದು ಒಂದೊಂದೇ ಉಪಾಯ ಹೇಳುತ್ತಿದ್ದ. ಹಾರ್ಲನ್ ಎಲ್ಲ ಕೇಳಿಸಿಕೊಂಡು, "ಇನ್ಮೇಲೆ 'ನಂದು' ಅಂತಾನೇ ಕೂಗ್ತೀನಿ," ಎಂದ.

"ಸಿಕ್ಕಿಹಾಕ್ಕೊಂಡ್ರೆ? ನನಗೆ ಇನ್ನೊಂದೇ ಹೆಗಲು ಉಳಿದಿರೋದು ಕಣೋ."

"ಸಿಕ್ಕಿಹಾಕ್ಕೊಳ್ಳುತ್ತೆ. ಅದನ್ನೇ ಕೇಳಿಸ್ಕೋ. ನಿನ್ನ ಹೆಗಲು ಮುರಿದ ದಿನ ಗಂಟಲು ಕಟ್ಟಿದ್ದು ಯಾಕೆ ಗೊತ್ತಾ? ತೊದಲಿದ್ರೆ ಜನಕ್ಕೆ ಗೊತ್ತಾಗುತ್ತೆ ಅಂತ ತಡೆದೆ. ತಡೆದ್ರೆ ಪೂರ್ತಿ ನಿಂತ್ಹೋಗುತ್ತೆ. ತಡೀದೆ ಬಿಟ್ರೆ ನ-ನ-ನ ಅಂತ ಬರುತ್ತೆ. ಈಗ ಎಲ್ಲರಿಗೂ ಗೊತ್ತಾಗಿ ಹೋಗಿದೆ. ಇನ್ನ್ಯಾರಿಂದ ಮುಚ್ಚಿಡ್ಲಿ?"

ಸಿಸೆರೊ ತನ್ನ ಹೆಗಲು ಸವರಿಕೊಂಡ. "ಸರಿ ಕಣೋ, ನ-ನ-ನ ಅಂತ ಕೂಗೋನು ಈ ಲೀಗಿನಲ್ಲಿ ನೀನೊಬ್ಬನೇ. ನಮ್ಮಪ್ಪನಾಣೆ ಬೇರೆ ಯಾರೋ ಅಂತ ಅಂದ್ಕೊಳ್ಳಲ್ಲ. ಆದ್ರೆ ಆ ಕ್ರೆಬ್ಸ್ ಅದನ್ನೂ ನಕಲು ಮಾಡಿದ್ರೆ?"

"ಅವರಿಗೆ ಬ ಮಾತ್ರ ಕಲಿಸಿದೀನಿ. ನ ಪಾಠ ಇನ್ನೂ ಆಗಿಲ್ಲ."

ನಾನು ನಕ್ಕ ರಭಸಕ್ಕೆ ಬಸ್ಸು ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಡೋಬ್ಸ್ ನಿದ್ದೆಯಿಂದ ಎದ್ದು ನನ್ನನ್ನು ಬೈದ.

ಒಂದು ಬುದ್ಧಿವಂತಿಕೆ ಸಿಸೆರೊನದು. ಉಳಿದ ಆಟಗಳಲ್ಲಿ, ಒಬ್ಬನೇ ಹಿಡಿಯಬಹುದಾದ ಸುಲಭದ ಚೆಂಡಿಗೆಲ್ಲ ಇಬ್ಬರೂ 'ಹೋಯ್' ಎನ್ನುತ್ತಲೇ ಇದ್ದರು, ಊರಿಗೆಲ್ಲ ಕೇಳುವ ಹಾಗೆ. ಹೊಸ ಕೂಗನ್ನು ನದಿ ದಂಡೆಯ ಬಯಲಿನಲ್ಲಿ ಮಾತ್ರ ಅಭ್ಯಾಸ ಮಾಡಿದರು. ನನ್ನನ್ನು ಬಿಟ್ಟರೆ ಅದನ್ನು ಕೇಳಿದ್ದು ಮೀನು ಹಿಡಿಯುವವರು.

ಲೀಗಿನ ಕೊನೆಯ ಆಟ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಕಾರ್ವರ್‌ನಲ್ಲೇ. ಗೆದ್ದವರಿಗೆ ಆ ವರ್ಷದ ಕಪ್. ಬೆಂಚುಗಳು ತುಂಬಿ ಜನ ಹುಲ್ಲಿನ ಮೇಲೂ ಕೂತಿದ್ದರು. ಕೊನೆಯ ಇನ್ನಿಂಗ್ಸ್‌ಗೆ ಬರುವಾಗ ನಮ್ಮದು ಒಂದು ಓಟ ಹೆಚ್ಚು. ಕಾರ್ವರ್‌ನವನೊಬ್ಬ, ಒಂದು ಓಟಕ್ಕೆ ಸುತ್ತಬೇಕಾದ ನಾಲ್ಕು ಬೇಸ್‌ಗಳ ಪೈಕಿ, ಎರಡನೆಯ ಬೇಸ್‌ನಲ್ಲಿ ನಿಂತಿದ್ದ. ಅವರಲ್ಲಿ ಇನ್ನು ಇಬ್ಬರು ಔಟಾದರೆ ಆಟ ಮುಗಿಯಿತು.

ಬ್ಯಾಟಿಗೆ ತಗಲಿದ ಚೆಂಡು ಎತ್ತರಕ್ಕೆ ಎದ್ದು, ನೇರವಾಗಿ ಎಡಕ್ಕೂ ನಡುವಿಗೂ ಮಧ್ಯೆ ಬಂತು. ಇಬ್ಬರೂ ಓಡಿದರು. ಆಗ ಕ್ರೆಬ್ಸ್ ಕೈಯೆತ್ತಿದ. ಮೊದಲೇ ಎಲ್ಲರಿಗೂ ಹೇಳಿ ಸಿದ್ಧಮಾಡಿದ್ದನೆಂದು ಕಾಣುತ್ತದೆ. ಎಡ ಬದಿಯ ಐನೂರು ಜನ ಒಂದೇ ಬಾಯಲ್ಲಿ "ಹೋಯ್" ಎಂದರು. ನನ್ನ ಕುರ್ಚಿ ನಡುಗಿತು.

ಈ ಆಟದಲ್ಲಿ ಒಂದು ನಿಯಮ. ಚೆಂಡು ನೆಲಕ್ಕೆ ಬಿದ್ದರೆ ಓಟಗಾರ ಎಷ್ಟು ದೂರ ಬೇಕಾದರೂ ಓಡಬಹುದು. ಕ್ಯಾಚು ಹಿಡಿದರೆ ಮಾತ್ರ, ತಾನು ಹೊರಟ ಬೇಸ್‌ಗೆ ಚೆಂಡಿಗಿಂತ ಮೊದಲು ಮರಳಬೇಕು, ಇಲ್ಲದಿದ್ದರೆ ಅವನೂ ಔಟು. ಆ ಓಟಗಾರ ಆಗಸ್ಟಿನ ಆಟದಲ್ಲೂ ಇದ್ದವನು. ಹೋಯ್ ಎಂಬ ಅಬ್ಬರ ಕೇಳಿದ್ದೇ, ಇನ್ನು ಚೆಂಡು ಬಿದ್ದಂತೆಯೇ ಎಂದು ತಲೆ ತಗ್ಗಿಸಿ ಓಟ ಕಿತ್ತ.

ಆ ಗದ್ದಲದ ಒಳಗಿಂದ, ಅದನ್ನು ಹರಿದುಕೊಂಡು, ಹಾರ್ಲನ್‌ನ ಕೂಗು ಬಂತು. "ನ-ನ-ನ-ನ-ನ-" ಪದ ಪೂರ್ತಿಯಾಗಲೇ ಇಲ್ಲ. ಅದನ್ನು ಮುಚ್ಚುವ, ನುಂಗುವ ಯಾವ ಪ್ರಯತ್ನವೂ ಅದರಲ್ಲಿರಲಿಲ್ಲ. ಸಿಸೆರೊ ನೆಲಕ್ಕೆ ಜಾರಿ ಅವನ ಕಾಲಡಿಯಿಂದ ಹಾದುಹೋದ. ಚೆಂಡು ಹಾರ್ಲನ್‌ನ ಕೈಗವಸಿನೊಳಗೆ ಬಂದು ಬಿತ್ತು. ಅವನು ಅಲ್ಲಿಂದಲೇ ತಿರುಗಿ ಎರಡನೆಯ ಬೇಸ್‌ಗೆ ಎಸೆದ. ಓಟಗಾರ ಆಗಲೇ ಮೂರನೆಯದನ್ನು ದಾಟಿದ್ದ. ಹಿಂದಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದೇ ಚೆಂಡಿಗೆ ಎರಡು ಔಟು, ಕಪ್ ನಮ್ಮದು.

ಎಡ ಬದಿಯ ಬೆಂಚುಗಳಲ್ಲಿ ಸದ್ದಿಲ್ಲ. ನಮ್ಮವರು ಹಾರ್ಲನ್‌ನ ಮೇಲೆ ಬಿದ್ದು ಎದ್ದ ಮೇಲೆ ಅವನು ಟೋಪಿ ಹುಡುಕಿಕೊಂಡು ಬೇಲಿಯ ಹತ್ತಿರ ಬಂದ. ಕ್ರೆಬ್ಸ್ ಬೇಲಿ ಹಿಡಿದು ನಿಂತಿದ್ದ.

"ಅದೇನಪ್ಪ ನೀನು ಕೂಗಿದ್ದು?" ಎಂದು ಕೇಳಿದ.

"ನ-ನಂದು, ಅಂತ."

"ಮೊದಲೇ ಹೇಳ್ಬಾರದಾ?"

"ಹೇಳ್ತಾನೇ ಇದ್ದೆ, ಸಾರ್. ನನಗೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಕ್ರೆಬ್ಸ್ ಬೇಲಿಯ ಮೇಲಿಂದ ಕೈ ಚಾಚಿದ. ಕೈಕುಲುಕಿದರು. ಮುಂದಿನ ವರ್ಷವೂ ಅವನು ಅಲ್ಲೇ ಕೂತು ಕೂಗಿದ. ಹಾರ್ಲನ್‌ನ ನಡಿಗೆ, ಅವನ ಮೀಸೆ, ಅವನ ಬ್ಯಾಟು ಯಾವುದನ್ನೂ ಬಿಡಲಿಲ್ಲ. ಮೇಲಿನ ಸಾಲಿನಿಂದ ಯಾವನೋ ಹೊಸಬ ಹ-ಹ-ಹ ಎಂದಾಗ ಮಾತ್ರ ಹಿಂದೆ ತಿರುಗಿ, "ಗೊತ್ತಿಲ್ಲದಿದ್ರೆ ಸುಮ್ನಿರಯ್ಯ," ಎಂದು ಗದರಿದ.

ಹಾರ್ಲನ್ ನಮ್ಮಲ್ಲಿ ಇನ್ನೂ ಎಂಟು ಬೇಸಿಗೆ ಆಡಿದ. ಒಮ್ಮೆ ದೊಡ್ಡ ತಂಡವೊಂದು ಅಭ್ಯಾಸಕ್ಕೆ ಕರೆಸಿಕೊಂಡು ಮೂರು ವಾರ ನೋಡಿ ವಾಪಸು ಕಳಿಸಿತು. ಓಟ ಸಾಲದು ಎಂದರಂತೆ. ಅದು ನಿಜವೇ, ಅವನೂ ಒಪ್ಪಿದ. ಆ ಹೋಟೆಲಿನ ಪರಿಚಾರಿಕೆ, ಪೆನ್ನು ಹಿಡಿದು ನಿಂತಿದ್ದವಳು, ಅವಳ ಹೆಸರು ವರ್ಡಾ. ಕಾರ್ವರ್‌ಗೆ ಹೋದಾಗಲೆಲ್ಲ ಅವನು ಅಲ್ಲಿಗೇ ಹೋಗುತ್ತಿದ್ದ. ಎಪ್ಪತ್ತಮೂರರಲ್ಲಿ ಮದುವೆಯಾದರು. ಮದುವೆಯ ಪ್ರತಿಜ್ಞೆ ಹೇಳಿ ಮುಗಿಸಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಪಾದ್ರಿ ನೆರವಾಗಲು ಬಾಯಿ ತೆಗೆದಾಗ ವರ್ಡಾ ಅವನತ್ತ ನೋಡಿದ ನೋಟಕ್ಕೆ ಪಾದ್ರಿ ಬಾಯಿ ಮುಚ್ಚಿಕೊಂಡ. ಸಿಸೆರೊ ಅಷ್ಟರಲ್ಲಿ ಆಟ ಬಿಟ್ಟು ಜಾರ್ಜಿಯಾದ ಶಾಲೆಯೊಂದರಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದ. ಮದುವೆಗೆ ಬಂದು ಎರಡು ದಿನ ಇದ್ದು ಎಲ್ಲರನ್ನೂ ನಗಿಸಿ ಹೋದ.

ಆಟ ಬಿಟ್ಟ ಮೇಲೆ ಹಾರ್ಲನ್ ನಮ್ಮ ತಂಡಕ್ಕೇ ಫೀಲ್ಡಿಂಗ್ ಕಲಿಸುವವನಾದ. ಹೊಸ ಆಟಗಾರರು ಬರುವ ಏಪ್ರಿಲ್ ಮೊದಲ ವಾರ ಅವನದೊಂದು ಪಾಠ ಇರುತ್ತಿತ್ತು. ಹೊಸಬನನ್ನು ಎಡ ಮೈದಾನದಲ್ಲಿ ನಿಲ್ಲಿಸಿ, ಚೆಂಡು ಹೊಡೆಯಲು ಬೇರೆಯವರಿಗೆ ಹೇಳಿ, ತಾನು ಖಾಲಿ ಬೆಂಚುಗಳ ಮೊದಲ ಸಾಲಿನಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಕೂರುತ್ತಿದ್ದ. ಕೂತು ಅವನನ್ನು ಕೂಗಿ ಕಾಲೆಳೆಯುತ್ತಿದ್ದ, ತೊದಲುತ್ತಲೇ, ಗಂಟೆಗಟ್ಟಲೆ. ಅದನ್ನು ಕೇಳಲೆಂದೇ ಊರಿನವರು ಬಂದು ಸುತ್ತ ಕೂರುತ್ತಿದ್ದರು. ನಾನೂ ಹೋಗುತ್ತಿದ್ದೆ.

ಒಂದು ವರ್ಷ ಗ್ಯಾನನ್ ಎಂಬ ಬಿಸಿರಕ್ತದ ಹುಡುಗ ಬಂದಿದ್ದ. ಅರ್ಧ ಗಂಟೆ ತಡೆದುಕೊಂಡ, ಆಮೇಲೆ ಕೈಗವಸು ನೆಲಕ್ಕೆ ಬೀಸಿ ಬೇಲಿಯ ಹತ್ತಿರ ಬಂದ.

"ನೀವು ಹೀಗೆ ಬೈತಿದ್ರೆ ನಾನು ಹೆಂಗೆ ಹಿಡೀಲಿ?"

"ಬಾ ಇಲ್ಲಿ," ಎಂದ ಹಾರ್ಲನ್. ಹುಡುಗ ಬೇಲಿ ಹಾರಿ ಬಂದು ಪಕ್ಕದಲ್ಲಿ ಕೂತ. ಹಾರ್ಲನ್ ಕಡಲೆಕಾಯಿ ಪೊಟ್ಟಣ ಅವನ ಕೈಗೆ ಕೊಟ್ಟು, ತಾನು ಎದ್ದು, ಮಂಡಿ ನೋವಿಗೆ ಮುಖ ಕಿವುಚುತ್ತ ಮೈದಾನಕ್ಕೆ ಇಳಿದ. ನೆಲದ ಮೇಲಿದ್ದ ಕೈಗವಸು ಹಾಕಿಕೊಂಡ. ಆಗ ಅವನಿಗೆ ನಲವತ್ತು ದಾಟಿತ್ತು.

"ಈಗ ನೀನು ನನ್ನ ಬೈ," ಎಂದು ಅಲ್ಲಿಂದ ಕೂಗಿದ. "ಏನು ಬೇಕಾದ್ರೂ ಅನ್ನು. ಆದ್ರೆ ಬ-ಬ-ಬೈಯೋದಾದ್ರೆ ಸರಿಯಾಗಿ ಬೈ."

ಹುಡುಗ ಸಂಕೋಚದಿಂದ ಶುರು ಮಾಡಿದ. ನಾವೆಲ್ಲ ಸುತ್ತ ಕೂತವರು ಅವನಿಗೆ ಪದ ಒದಗಿಸಿದೆವು. ಹತ್ತು ನಿಮಿಷದಲ್ಲಿ ಅವನಿಗೆ ಹುರುಪು ಬಂತು. ಹಾರ್ಲನ್ ಅಷ್ಟು ಹೊತ್ತೂ ನಗುತ್ತ, ಮಧ್ಯೆ ಮಧ್ಯೆ ತಿರುಗಿ ಜವಾಬು ಕೊಡುತ್ತ, ಎದ್ದ ಚೆಂಡನ್ನೆಲ್ಲ ಹಿಡಿದ. ಒಂದನ್ನು ಮಾತ್ರ ಬಿಟ್ಟ, ಜವಾಬು ಇನ್ನೂ ಮುಗಿದಿರಲಿಲ್ಲ.